ಖಾಲಿಯಾಗದ ನೀರಿನ ಬಾಟಲಿ

ತುಮಕೂರಿನ ಹತ್ತಿರದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಏಳು ವರ್ಷ ಟೈಲರ್ ಆಗಿದ್ದ ನಾನು 2017ರಲ್ಲಿ ಸೂಪರ್‌ವೈಸರ್ ಆದೆ. ನನ್ನ ಲೈನಿನಲ್ಲಿ, ಅಂದರೆ ಒಂದೇ ಉಡುಪಿನ ಬೇರೆ ಬೇರೆ ಭಾಗ ಹೊಲಿಯುವ ಯಂತ್ರಗಳ ಸಾಲಿನಲ್ಲಿ, 38 ಮಂದಿ. ಹೆಚ್ಚಿನವರು ಕೊರಟಗೆರೆ, ಮಧುಗಿರಿ, ಗುಬ್ಬಿ ಕಡೆಯ ಹೆಣ್ಣುಮಕ್ಕಳು. ನಸುಕಿನಲ್ಲೇ ಮುದ್ದೆ ಸಾರು ಮಾಡಿಟ್ಟು ವ್ಯಾನ್ ಹತ್ತುವವರು.

ಸಂಜೆಯಾದರೂ ಅವರ ನೀರಿನ ಬಾಟಲಿಗಳು ತುಂಬಿಯೇ ಇರುತ್ತಿದ್ದವು. ಕಾಲರ್ ಹೊಲಿಯುವವಳನ್ನು ಕೇಳಿದೆ. "ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ ಅಕ್ಕಾ, ಎದ್ದರೆ ಪೀಸ್ ರಾಶಿ ಬೀಳುತ್ತದೆ" ಎಂದಳು. ಮೂತ್ರದ ಸೋಂಕಿಗೆ ಎರಡು ಸಲ ಮಾತ್ರೆ ನುಂಗಿದ್ದಳು. ಶೌಚಾಲಯಕ್ಕೆ ಹೋಗಬೇಡವೆಂದು ಯಾರೂ ಹೇಳಿರಲಿಲ್ಲ. ಗಂಟೆಗೊಮ್ಮೆ ಬೋರ್ಡಿನಲ್ಲಿ ಬರೆಯುತ್ತಿದ್ದ ಟಾರ್ಗೆಟ್ ಹೇಳುತ್ತಿತ್ತು. ಆ ಬೋರ್ಡಿನಲ್ಲಿ ಬರೆಯುತ್ತಿದ್ದವಳು ನಾನೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎದ್ದು ಹೋದವರ ಯಂತ್ರದಲ್ಲಿ ಕೂರಲು ಎಲ್ಲ ಯಂತ್ರ ಬಲ್ಲ ಒಬ್ಬ ಟೈಲರನ್ನು ಬದಲಿಗೆಂದು ಕೊಡಿ ಎಂದು ಮ್ಯಾನೇಜರ್ ಬಳಿ ಕೇಳಿದೆ. ಅವರು ಒಪ್ಪಲಿಲ್ಲ. ಮೂರು ವಾರ ಲೆಕ್ಕ ಬರೆದಿಟ್ಟೆ: ಹುಷಾರಿಲ್ಲದೆ ಯಾರು ಎಷ್ಟು ದಿನ ಬರಲಿಲ್ಲ, ಅದರಿಂದ ಎಷ್ಟು ಪೀಸ್ ನಿಂತವು. ಅದನ್ನು ಮುಂದಿಟ್ಟ ಮೇಲೆ ಒಪ್ಪಿದರು. ಬದಲಿಯವಳು ಯಂತ್ರಗಳ ಸಾಲಿನ ಕ್ರಮದಲ್ಲೇ ಒಬ್ಬೊಬ್ಬರ ಬಳಿ ಬರುತ್ತಿದ್ದಳು. ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ನಿಮಿಷ. ಯಾರೂ ಕೈಯೆತ್ತಿ ಅನುಮತಿ ಬೇಡಬೇಕಾಗಿರಲಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವಾಗಿದ್ದದ್ದು ಅದೇ.

ರಜೆ, ಓವರ್‌ಟೈಮ್‌ಗಳಿಗೆ ಒಂದು ಪುಸ್ತಕ ಮಾಡಿ ಕಂಬಕ್ಕೆ ನೇತುಹಾಕಿದೆ. ಮೊದಲು ಇವೆಲ್ಲ ಸೂಪರ್‌ವೈಸರ್ ಮರ್ಜಿಯಲ್ಲಿ ನಡೆಯುತ್ತಿದ್ದವು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ. ಅದನ್ನೂ ಮೊದಲ ಪುಟದಲ್ಲಿ ಬರೆದೆ. ಸಂಬಳದ ಚೀಟಿ ಬಂದ ದಿನ ಪುಸ್ತಕದ ಸುತ್ತ ಗುಂಪು ಸೇರುತ್ತಿತ್ತು.

ಮಾರಮ್ಮನ ಜಾತ್ರೆಗೆ ಇಬ್ಬರು ಒಂದೇ ದಿನ ರಜೆ ಕೇಳಿದರು. ಹಿಂದಿನ ವರ್ಷ ಸಿಗದಿದ್ದವಳಿಗೆ ಕೊಟ್ಟೆ. ಇನ್ನೊಬ್ಬಳು ಪುಟ ತಿರುವಿ ನೋಡಿ, ಮಾತಿಲ್ಲದೆ ಯಂತ್ರಕ್ಕೆ ಮರಳಿದಳು. ಹಿಂದೆ ಇಂಥದ್ದಕ್ಕೆ ಕಣ್ಣೀರು ಬರುತ್ತಿತ್ತು.

ಟಾರ್ಗೆಟ್ ತಗ್ಗಿಸುವುದು ನನ್ನ ಕೈಯಲ್ಲಿರಲಿಲ್ಲ. ಸರಕು ಕಳುಹಿಸುವ ಒತ್ತಡದ ತಿಂಗಳಲ್ಲಿ ಬದಲಿಯವಳನ್ನೂ ಬೇರೆ ಲೈನಿಗೆ ಒಯ್ದರು. ಆ ತಿಂಗಳು ಕಾಲರ್ ಯಂತ್ರದ ಮುಂದೆ ಹತ್ತು ಹತ್ತು ನಿಮಿಷ ನಾನೇ ಕುಳಿತೆ.