ಹೆಸರು ಬದಲಿಸಿ ಹುಡುಕಿದ ಮೇಲೆ ಸಿಕ್ಕ ಕೆರೆಗಳು

ಹಾವೇರಿ ಜಿಲ್ಲೆಯ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ನಾನು ಗ್ರಂಥಪಾಲಕನಾಗಿ ಇಪ್ಪತ್ತೊಂದು ವರ್ಷಗಳಾದವು. ಅಂತಿಮ ಬಿ.ಎ. ವಿದ್ಯಾರ್ಥಿಗಳು ತಮ್ಮ ಊರಿನ ಕೆರೆಯ ಮೇಲೆ ಕಿರುಪ್ರಬಂಧ ಬರೆಯಬೇಕೆಂದು ಇತಿಹಾಸ ವಿಭಾಗವು ನಿಶ್ಚಯಿಸಿದಾಗ, ಆಕರ ಹುಡುಕುವುದನ್ನು ಕಲಿಸುವ ಹೊಣೆಯನ್ನು ನಾನು ಕೇಳಿ ಪಡೆದುಕೊಂಡೆ. ‘ಈಗಿನ ಹುಡುಗರು ಗೂಗಲ್ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ, ನಿಮ್ಮ ಶ್ರಮ ವ್ಯರ್ಥ’ ಎಂದು ಸಹೋದ್ಯೋಗಿಗಳು ಹೇಳಿದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು.

ಮೊದಲ ವರ್ಷ ಸುಮಾರು ನೂರಿಪ್ಪತ್ತು ವಿದ್ಯಾರ್ಥಿಗಳನ್ನು ಸಭಾಂಗಣದಲ್ಲಿ ಕೂರಿಸಿ ಕಾಲೇಜುಗಳಿಗೆ ಇ-ಪುಸ್ತಕ, ಇ-ನಿಯತಕಾಲಿಕೆಗಳನ್ನು ಒದಗಿಸುವ ಎನ್‌ಲಿಸ್ಟ್, ಪಿಎಚ್.ಡಿ. ಪ್ರಬಂಧಗಳ ಸಂಗ್ರಹವಾದ ಶೋಧಗಂಗಾ, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಎಲ್ಲವನ್ನೂ ಪರದೆಯ ಮೇಲೆ ತೋರಿಸಿದೆ. ನಲವತ್ತು ಜಾಲತಾಣಗಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ಹಂಚಿದೆ. ಎನ್‌ಲಿಸ್ಟ್‌ಗೆ ಕಾಲೇಜು ವರ್ಷಕ್ಕೆ ಸುಮಾರು ಆರು ಸಾವಿರ ಕಟ್ಟುತ್ತಿತ್ತು. ಕಾಲೇಜಿನ ಒಟ್ಟು ಮುನ್ನೂರು ಮಂದಿಗೆ ಪಾಸ್‌ವರ್ಡ್ ಕೊಡಿಸಿದ್ದೆ, ಬಳಸಿದವರು ಹನ್ನೊಂದೋ ಹನ್ನೆರಡೋ ಮಂದಿ. ಮರುವರ್ಷ ಬಸ್ ಬಾಡಿಗೆಗೆ ಹದಿನಾಲ್ಕು ಸಾವಿರ ಖರ್ಚು ಮಾಡಿ ಧಾರವಾಡದ ಒಂದು ದೊಡ್ಡ ಗ್ರಂಥಾಲಯಕ್ಕೆ ಎಲ್ಲರನ್ನೂ ಕರೆದೊಯ್ದೆ. ಅಲ್ಲಿ ಅವರು ‘ಹಾವೇರಿ ಕೆರೆಗಳು’ ಎಂದು ಕೇಳಿ, ಇಲ್ಲವೆನಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಬಸ್ಸಿನ ಬಳಿ ಬಂದು ನಿಂತಿದ್ದರು. ಆ ಹಣಕ್ಕೆ ಆಡಳಿತ ಮಂಡಳಿಗೆ ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ತಪ್ಪು ಎಲ್ಲಿದೆ ಎಂದು ತಿಳಿದದ್ದು ಒಬ್ಬ ವಿದ್ಯಾರ್ಥಿನಿಯಿಂದ. ‘ಸರ್, ಇದರಾಗ ಹಾವೇರಿ ತಾಲೂಕಽ ಇಲ್ರೀ’ ಎಂದು ಆಕೆ ಬ್ರಿಟಿಷರ ಕಾಲದ ಜಿಲ್ಲಾ ವಿವರಗಳ ಗ್ರಂಥವಾದ ಬಾಂಬೆ ಗೆಜೆಟಿಯರಿನ 1884ರ ಧಾರವಾಡ ಸಂಪುಟವನ್ನು ನನ್ನ ಮೇಜಿನ ಮೇಲಿಟ್ಟಳು. ಇರಲು ಸಾಧ್ಯವಿರಲಿಲ್ಲ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ; ಆ ಸಂಪುಟದ ಕಾಲದಲ್ಲಿ ಹಾವೇರಿಯ ಸುತ್ತಲಿನ ಸೀಮೆ ಕರ್ಜಗಿ ತಾಲ್ಲೂಕಿನಲ್ಲಿತ್ತು. ‘ಕರ್ಜಗಿ ನಮ್ಮ ಬಾಜೂ ಹಳ್ಳಿರೀ, ಅದ್ಯಾವಾಗ ತಾಲೂಕ ಆಗಿತ್ರೀ?’ ಎಂದು ಆಕೆ ಅಚ್ಚರಿಪಟ್ಟಳು. ಕರ್ಜಗಿಯ ಹೆಸರಿನಲ್ಲಿ ಹುಡುಕಿದೆವು; ಅರ್ಧ ಗಂಟೆಯಲ್ಲಿ ಆಕೆಯ ಸೀಮೆಯ ನೀರಾವರಿ, ಬೆಳೆ, ಕಂದಾಯಗಳ ವಿವರ ಕೈಗೆ ಬಂತು. ಹುಡುಗರಿಗೆ ಜಾಲತಾಣಗಳ ಕೊರತೆ ಇರಲಿಲ್ಲ, ಹುಡುಕಬೇಕಾದ ಹೆಸರುಗಳೇ ಅವರಿಗೆ ಗೊತ್ತಿರಲಿಲ್ಲ.

ಅಂದಿನಿಂದ ಕಂಪ್ಯೂಟರ್ ಮುಟ್ಟುವ ಮೊದಲು ಹೆಸರಿನ ಚೀಟಿ ತುಂಬಿಸುವುದನ್ನು ಕಡ್ಡಾಯ ಮಾಡಿದೆ. ಊರು ಇಂದು ಯಾವ ತಾಲ್ಲೂಕಿನಲ್ಲಿದೆ, ಹಿಂದೆ ಯಾವುದರಲ್ಲಿತ್ತು, ಆಗ ಆಳುತ್ತಿದ್ದವರು ಯಾರು, ಇಂಗ್ಲಿಷಿನಲ್ಲಿ ಅದನ್ನು ಎಷ್ಟು ಬಗೆಯಲ್ಲಿ ಬರೆದಿದ್ದಾರೆ ಎಂಬಿಷ್ಟನ್ನು ಅವರೇ ಪತ್ತೆ ಹಚ್ಚಿ ಬರೆಯಬೇಕು. ಹಿರೇಕೆರೂರಿನವರು ಕೋಡ ತಾಲ್ಲೂಕನ್ನು ಹುಡುಕಬೇಕು, ಶಿಗ್ಗಾಂವಿಯವರು ಬಂಕಾಪುರವನ್ನು. 1956ರ ನವೆಂಬರಿನವರೆಗೆ ನಮ್ಮ ಭಾಗ ಮುಂಬೈ ಆಡಳಿತದಲ್ಲಿತ್ತು ಎಂಬುದು ಚೀಟಿಯಲ್ಲಿ ಬಂದ ಮೇಲೆ, ಕೆರೆಯ ಶಾಸನಕ್ಕಾಗಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಪುಟಗಳ ಮಾಲೆಯನ್ನು ತಿರುವುತ್ತ ವಾರಗಟ್ಟಲೆ ಕಳೆಯುವುದು ನಿಂತಿತು. ಶಾಸನತಜ್ಞ ಬಿ.ಎಲ್. ರೈಸ್ ಅವರು ಆ ಮಾಲೆಯನ್ನು ಸಿದ್ಧಪಡಿಸಿದ್ದು ಮೈಸೂರು ಮತ್ತು ಕೊಡಗಿನ ಶಾಸನಗಳಿಗಾಗಿ. ನಮ್ಮ ಕಡೆಯ ಶಾಸನಗಳನ್ನು ನೋಡಬೇಕಾದದ್ದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ. ಬೇರೆ ಜಿಲ್ಲೆಗಳ ಮಿತ್ರರಿಗೂ ಈ ಚೀಟಿ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ತುಮಕೂರಿಗೆ ಹಿಂದಿನ Tumkur ಬಿಟ್ಟು ಇಂದಿನ ಇಂಗ್ಲಿಷ್ ಕಾಗುಣಿತವಾದ Tumakuru ಎಂಬುದನ್ನಷ್ಟೇ ಹಾಕಿ ಹುಡುಕುವ ವಿದ್ಯಾರ್ಥಿಗೆ 2014ರ ನವೆಂಬರ್ ಒಂದಕ್ಕಿಂತ ಹಿಂದಿನ ಬರವಣಿಗೆ ಬಹುಪಾಲು ಕಾಣುವುದೇ ಇಲ್ಲ.

ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿರುವ ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಇನ್ನೊಂದು ತೊಡಕು ಎದುರಾಯಿತು. ಅಲ್ಲಿಯ ಹುಡುಕುಪೆಟ್ಟಿಗೆ ತಾನಾಗಿ ನೋಡುವುದು ಪುಸ್ತಕದ ಹೆಸರು, ವಿವರಗಳನ್ನು ಮಾತ್ರ. ಒಳಪುಟಗಳನ್ನು ನೋಡಬೇಕಾದರೆ ಆ ಆಯ್ಕೆಯನ್ನು ನಾವೇ ಒತ್ತಬೇಕು. ಒತ್ತಿದರೂ ಬಂಕಾಪುರ ಸಿಗಲಿಲ್ಲ. ಪುಟವನ್ನು ಕಣ್ಣಿಗೆ ಹತ್ತಿರ ತಂದು ನೋಡಿದಾಗ ಕಾರಣ ತಿಳಿಯಿತು: ಆ ಗೆಜೆಟಿಯರಿನಲ್ಲಿ ದೀರ್ಘ ಉಚ್ಚಾರದ ಇಂಗ್ಲಿಷ್ ‘ಎ’ (a) ಅಕ್ಷರದ ನೆತ್ತಿಯ ಮೇಲೆ ಓರೆಗೆರೆ ಇರುತ್ತದೆ, ಪುಟದ ಚಿತ್ರದಿಂದ ಅಕ್ಷರ ಓದುವ ಒಸಿಆರ್ ಯಂತ್ರವು ಗೆರೆ ಹೊತ್ತ ‘ಎ’ಯನ್ನು ‘ಡಿ’ (d) ಎಂದು ಓದಿಬಿಟ್ಟಿತ್ತು. ಆ ಜಾಗದಲ್ಲಿ ‘ಡಿ’ ಹಾಕಿ ಹುಡುಕಿದ ಕೂಡಲೇ ಪುಟಗಳು ಒಂದರ ಹಿಂದೊಂದು ಬಂದವು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಸ್ವತಃ ಕಂಡುಕೊಂಡದ್ದು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ. ಇಂತಹ ತಪ್ಪೋದುಗಳ ಪಟ್ಟಿಯೊಂದು ನನ್ನ ಬಳಿ ಬೆಳೆಯುತ್ತಿದೆ. ಅದನ್ನು ನಮ್ಮ ವಿದ್ಯಾರ್ಥಿಗಳಿಗೆ ಮಾತ್ರ ಕೊಡುತ್ತೇನೆ.

ಕನ್ನಡ ಪುಸ್ತಕಗಳಲ್ಲಿ ಸಂಕಟ ಬೇರೆ ಬಗೆಯದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಪ್ರತಿಗಳ ಹೆಸರುಗಳು ರೋಮನ್ ಲಿಪಿಯಲ್ಲಿವೆ, ಒಂದೇ ಪದಕ್ಕೆ ಮೂರು ನಾಲ್ಕು ಕಾಗುಣಿತಗಳಿವೆ. ಅದಕ್ಕೆ ಕನ್ನಡದಲ್ಲೇ ಹುಡುಕಲು ಬರುವ, ಸಂಚಯ ಎಂಬ ತಂಡದ ಪುಸ್ತಕ ಹುಡುಕಾಟದ ತಾಣವೇ ನಮ್ಮ ಮೊದಲ ಬಾಗಿಲು. ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶದ, ಯುನಿಕೋಡ್ ಎಂಬ ಇಂದಿನ ಸಾರ್ವತ್ರಿಕ ಅಕ್ಷರ ಸಂಕೇತವನ್ನು ಬಳಸದ ಹಳೆಯ ಅಕ್ಷರಗಳಲ್ಲಿ ಸಿದ್ಧವಾದ ಪ್ರಬಂಧಗಳಲ್ಲಂತೂ ಕಣ್ಣಿಗೆ ಕನ್ನಡ ಕಂಡರೂ ಯುನಿಕೋಡ್ ಪದ ಹಾಕಿದರೆ ಏನೂ ಸಿಗುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ ಸ್ಕ್ಯಾನ್ ಪುಟಗಳನ್ನು ಡಾಕ್ಸ್ ಮೂಲಕ ತೆರೆದು ಪಠ್ಯ ಪಡೆಯುವ ಪ್ರಯೋಗವನ್ನೂ ಒಂದು ಬೇಸಿಗೆ ಪೂರ್ತಿ ಮಾಡಿದೆ. ಸ್ಪಷ್ಟ ಅಚ್ಚಿನ ಪುಟಗಳು ಹುಡುಕುವ ಮಟ್ಟಿಗೆ ಸಾಲುತ್ತವೆ. ಮಸಿ ಹರಡಿದ ಹಳೆಯ ಪುಟಗಳಲ್ಲಿ ಒತ್ತಕ್ಷರಗಳು ಕೆಟ್ಟುಹೋಗುತ್ತವೆ, ಉಲ್ಲೇಖಕ್ಕೆ ಎಂದೂ ನಂಬಬಾರದು.

ಕಳೆದ ವರ್ಷ ಒಬ್ಬ ವಿದ್ಯಾರ್ಥಿ ಎಐ ಕೊಟ್ಟ ಒಂಬತ್ತು ಗ್ರಂಥಗಳ ಪಟ್ಟಿ ತಂದ. ನಾವಿಬ್ಬರೂ ಕುಳಿತು ಸೂಚಿಗಳಲ್ಲಿ ಒಂದೊಂದಾಗಿ ನೋಡಿದಾಗ ಮೂರು ಮಾತ್ರ ದೊರೆತವು. ನಾನು ಬೈಯಲಿಲ್ಲ, ಉಳಿದ ಆರನ್ನು ಹುಡುಕಿದ ದಾರಿಯನ್ನು ಪ್ರಬಂಧದ ಅನುಬಂಧದಲ್ಲಿ ಬರೆಯಿಸಿದೆ. ಬಾಹ್ಯ ಪರೀಕ್ಷಕರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಆ ಪುಟವನ್ನೇ.

ಈಗ ಒಟ್ಟು ಖರ್ಚು ವರ್ಷಕ್ಕೆ ಚೀಟಿ ಅಚ್ಚಿಗೆ ಆರುನೂರು, ಗೆಜೆಟಿಯರ್ ಪುಟಗಳ ಜೆರಾಕ್ಸ್‌ಗೆ ಎರಡು ಸಾವಿರದ ಆಸುಪಾಸು. ಹೋದ ತಂಡದ ನಲವತ್ತೆರಡು ಮಂದಿಯಲ್ಲಿ ಮೂವತ್ತೆಂಟು ಮಂದಿ ಕನಿಷ್ಠ ಒಂದು ಮೂಲ ಆಕರವನ್ನು ತಾವೇ ಕಂಡುಹಿಡಿದರು. ಧಾರವಾಡಕ್ಕೆ ಮತ್ತೆ ಹೋದೆವು, ಈ ಸಲ ಎಂಟೇ ಮಂದಿ, ಸರ್ಕಾರಿ ಬಸ್ಸಿನಲ್ಲಿ. ಸಂಜೆ ಐದಕ್ಕೆ ವಾಚನಾಲಯದ ಬಾಗಿಲು ಹಾಕುವವರು ಬಂದು ಎಬ್ಬಿಸುವವರೆಗೆ ಒಬ್ಬರೂ ಮೇಜು ಬಿಟ್ಟು ಏಳಲಿಲ್ಲ.