ಕಟ್ಟಿ ಮುಗಿದ ಮನೆಗೂ ವೈರ್ ಸೆನ್ಸರ್ ಹಾಕಿದೆ: ನನ್ನ ಅನುಭವ

"ಕಳ್ಳರ ಅಲಾರಂಗೆ ಅಂತ ಕಟ್ಟಿ ಮುಗಿದ ಮನೆಗೆ ಈಗ ವೈರ್ ಎಳೀತೀರಾ? ಗೋಡೆಯೆಲ್ಲಾ ಒಡೀಬೇಕಾಗತ್ತೆ" ಅಂತ ಹೇಳದವರೇ ಇಲ್ಲ. ನಾನೂ ನಂಬಿ ಮೊದಲು ವೈರ್‌ಲೆಸ್ಸೇ ಹಾಕಿದ್ದೆ. ಬಾಗಿಲು-ಕಿಟಕಿ ತೆರೆದದ್ದು, ಯಾರಾದರೂ ಓಡಾಡಿದ್ದು ಹಿಡಿಯೋ 11 ಸೆನ್ಸರ್, ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗೀತು. ಗೋಳು ಶುರುವಾಗಿದ್ದು ಆಮೇಲೆ.

ಹಿಂದಿನ ಬಾಗಿಲು ಕಬ್ಬಿಣದ್ದು, ಸೆನ್ಸರ್‌ಗಳ ಸಿಗ್ನಲ್ ಹಿಡಿದು ಕೂಗೋ ಪ್ಯಾನೆಲ್‌ಗೂ ಅದಕ್ಕೂ ನಡುವೆ ಎರಡು ಕಾಂಕ್ರೀಟ್ ಗೋಡೆ. ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದೂ ಅಗ್ಗದ 433 ಮೆಗಾಹರ್ಟ್ಸ್ ಒನ್-ವೇ ಸೆಟ್, ಅಂದರೆ ಸೆನ್ಸರ್ ಕಳಿಸತ್ತೆ ಅಷ್ಟೇ, ಪ್ಯಾನೆಲ್ ಅದನ್ನ ವಾಪಸ್ ಕೇಳೋಕಾಗಲ್ಲ. ಸೆನ್ಸರ್ ಸತ್ತಿದೆಯೋ ಬದುಕಿದೆಯೋ ಪ್ಯಾನೆಲ್‌ಗೆ ತಿಳಿಯೋದೇ ಇಲ್ಲ. ಒಂದು ಬೆಳಿಗ್ಗೆ ಎದ್ದು ನೋಡ್ತೀನಿ, ಹಿಂಬಾಗಿಲು ತೆರೆದೇ ಇದೆ, ಪ್ಯಾನೆಲ್‌ನಲ್ಲಿ ಹಸಿರು ದೀಪ! ಬ್ಯಾಟರಿ ಯಾವತ್ತೋ ಮುಗಿದಿತ್ತು. ಎರಡೂವರೆ ವರ್ಷದಲ್ಲಿ ಬ್ಯಾಟರಿಗೆ ಸುರಿದ ದುಡ್ಡು, ಆಮೇಲೆ ಕೇಬಲ್‌ಗೆ ಹೋದದ್ದಕ್ಕಿಂತ ಜಾಸ್ತಿ.

ಗೋಡೆ ಒಡೆಯಲೇ ಇಲ್ಲ. ಹಳೇ ಟೆಲಿಫೋನ್ ಪೈಪು ಸುಮ್ಮನೆ ಬಿದ್ದಿತ್ತು. ಒಳಗಿದ್ದ ವೈರಿನ ತುದಿಗೆ ನಾಲ್ಕು ಕೋರ್ (ಒಳತಂತಿ) ಇರೋ ಕೇಬಲ್ ಕಟ್ಟಿ ಆ ಕಡೆಯಿಂದ ಎಳೆದೆ. ಮೊದಲ ಬೆಂಡ್‌ನಲ್ಲೇ ಗಂಟು ಸಿಕ್ಕಿಕೊಂಡು ಹಳೇ ವೈರು ತುಂಡಾಯ್ತು, ಅರ್ಧ ದಿನ ಹಾಳು. ಮುಂದಿನ ಪೈಪಿಗೆ ನಾಲ್ಕೂ ಕೋರ್‌ಗಳನ್ನು ಮೆಟ್ಟಿಲಂತೆ ಹೆಚ್ಚುಕಮ್ಮಿ ಉದ್ದಕ್ಕೆ ಕತ್ತರಿಸಿ ಟೇಪ್ ಸುತ್ತಿದೆ. ಗಂಟು ಇಲಿಬಾಲದಷ್ಟು ಸಣ್ಣಗಾಗಿ ಸಲೀಸಾಗಿ ಬಂತು. ಒಟ್ಟು 80 ಮೀಟರ್ ಆಸುಪಾಸು.

ರೆಸಿಸ್ಟರ್ ವಿಷಯದಲ್ಲಿ ಎಡವಿದೆ. ವೈರ್ ಸರಿಯಿದೆಯಾ ಅಂತ ಪ್ಯಾನೆಲ್ ಗುರುತಿಸೋಕೆ ಲೈನಿಗೆ ಹಾಕೋ ಪುಟ್ಟ ಬಿಡಿಭಾಗ ಅದು. ಕೈಗೆ ಸುಲಭ ಅಂತ ಪ್ಯಾನೆಲ್ ಒಳಗೇ ಹಾಕಿದ್ದೆ. ಪರೀಕ್ಷೆಗೆ ಅಂತ ಕೇಬಲ್ ಮಧ್ಯೆ ಎರಡು ತಂತಿ ತಾಗಿಸಿ ಶಾರ್ಟ್ ಮಾಡಿ ಬಾಗಿಲು ತೆರೆದರೆ ಪ್ಯಾನೆಲ್ "ಮುಚ್ಚಿದೆ" ಅಂತಲೇ ತೋರಿಸ್ತು. ಮತ್ತೆ ಎಲ್ಲಾ ಬಿಚ್ಚಿ ಸೆನ್ಸರ್ ತುದಿಗೆ ಹಾಕಿದೆ. ಈಗ ವೈರ್ ಶಾರ್ಟ್ ಆದರೂ ಕೂಗತ್ತೆ, ತುಂಡಾದರೂ ಕೂಗತ್ತೆ.

ಬಾಗಿಲ ಸೆನ್ಸರ್ ಅಂದರೆ ಬಾಗಿಲ ಮೇಲೊಂದು ಮ್ಯಾಗ್ನೆಟ್, ಚೌಕಟ್ಟಿನಲ್ಲಿ ಅದರ ಸೆಳೆತಕ್ಕೆ ಕೆಲಸ ಮಾಡೋ ರೀಡ್ ಸ್ವಿಚ್. ಕಬ್ಬಿಣದ ಬಾಗಿಲು ಈ ಮ್ಯಾಗ್ನೆಟ್ಟಿನ ಬಲವನ್ನೂ ತಿನ್ನತ್ತೆ. ಮ್ಯಾಗ್ನೆಟ್ಟಿಗೂ ಕಬ್ಬಿಣಕ್ಕೂ ನಡುವೆ ನಾಲ್ಕೈದು ಥರದ ಪ್ಯಾಕಿಂಗ್ ಕೊಟ್ಟು ನೋಡಿದೆ. ಕೊನೆಗೆ ಒಂದು ಕೆಲಸ ಮಾಡ್ತು. ಯಾವುದು ಅನ್ನೋದು ನನ್ನಲ್ಲೇ ಇರಲಿ. 6 ಮಿಲಿಮೀಟರಿಗೇ ಬಿಟ್ಟುಹೋಗ್ತಿದ್ದ ರೀಡ್ ಸ್ವಿಚ್ ಈಗ 18ರ ತನಕ ಹಿಡಿಯತ್ತೆ. ಹಾಗೇ ಕರೆಂಟ್ ಹೋದರೆ ಅಲಾರಂ ಎಷ್ಟು ಹೊತ್ತು ಓಡತ್ತೆ ನೋಡೋಣ ಅಂತ ಒಂದು ಭಾನುವಾರ ಮೇನ್ಸ್ ಆಫ್ ಮಾಡಿ ಕೂತೆ. ಪ್ಯಾನೆಲ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ, ಅದೂ ಹಳೇದು, ನಾಲ್ಕು ಮೋಷನ್ ಸೆನ್ಸರ್ ಸಮೇತ 20 ಗಂಟೆ ಹತ್ತಿರ ಎಳೀತು.

ಮೇಲಿನ ಎರಡು ಕಿಟಕಿಗೆ ಪೈಪೇ ಇಲ್ಲ. ಅಲ್ಲಿ ಮಾತ್ರ ಟೂ-ವೇ ವೈರ್‌ಲೆಸ್ ಹಾಕಿದ್ದೀನಿ, ಸ್ವಲ್ಪ ದುಬಾರಿ, ಆದರೆ ತಾನು ಬದುಕಿದ್ದೀನಿ ಅಂತ ಆಗಾಗ ಪ್ಯಾನೆಲ್‌ಗೆ ಹೇಳ್ತಿರತ್ತೆ. ಉಳಿದ ಒಂಬತ್ತೂ ವೈರ್. ಮೂರು ವರ್ಷವಾಯ್ತು, ಆ ಒಂಬತ್ತರಲ್ಲಿ ಒಂದನ್ನೂ ಮತ್ತೆ ಬಿಚ್ಚಿಲ್ಲ.