ಗೇರ್ ನಾಬ್ ಬದಲಿಸುವ ಮುನ್ನ ಮತ್ತು ಬದಲಿಸುವಾಗ

ಮ್ಯಾನುಯಲ್ ಕಾರಿನಲ್ಲಿ ಸ್ಟೀರಿಂಗ್ ಬಿಟ್ಟರೆ ಚಾಲಕರ ಕೈ ಅತಿ ಹೆಚ್ಚು ಹೊತ್ತು ಮುಟ್ಟುವುದು ಗೇರ್ ನಾಬನ್ನೇ, ಅಂದರೆ ಗೇರ್ ಲಿವರಿನ ತುದಿಯ ಹಿಡಿಯನ್ನೇ. ವರ್ಷಗಳು ಕಳೆದಂತೆ ಅದರ ಮೇಲ್ಪದರ ಸವೆದು ಅಂಟಂಟಾಗುತ್ತದೆ, ಚರ್ಮದ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಗೇರುಗಳ ಅಂಕಿಗಳು ಅಳಿಸಿಹೋಗುತ್ತವೆ. ಆಗ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಾಗಲಿ ಆನ್‌ಲೈನಿನಲ್ಲಾಗಲಿ ಹೊಸ ನಾಬ್ ಹುಡುಕುವವರು ಮೊದಲು ಬಣ್ಣ ಮತ್ತು ಆಕಾರವನ್ನು ನೋಡುತ್ತಾರೆ. ನಾಬು ಲಿವರಿಗೆ ಕೂರುವ ಬಗೆ, ಕೈತಪ್ಪಿ ರಿವರ್ಸ್ ಬೀಳದಂತೆ ತಡೆಯುವ ರಿವರ್ಸ್ ಲಾಕಿನ ವ್ಯವಸ್ಥೆ, ತೂಕ ಮತ್ತು ಎತ್ತರ ಇವೆಲ್ಲ ತೀರ್ಮಾನವಾದ ಮೇಲಷ್ಟೇ ಅಂದಚೆಂದದ ಸರದಿ ಬರಬೇಕು. ಓಡುವ ಕಾರಿನ ಹಿಡಿತಕ್ಕೆ ಸಂಬಂಧಿಸಿದ ಭಾಗವೊಂದನ್ನು ಬಿಚ್ಚಿ ಕೂರಿಸುತ್ತಿದ್ದೇವೆ ಎಂಬ ಎಚ್ಚರ ಕೊನೆಯವರೆಗೂ ಇರಬೇಕು.

ಗೇರ್ ಲಿವರಿನ ತುದಿಗೆ ನಾಬ್ ಮುಖ್ಯವಾಗಿ ಎರಡು ರೀತಿಯಲ್ಲಿ ಕೂರುತ್ತದೆ. ಹೋಂಡಾ, ಟೊಯೋಟಾ, ಮಜ್ದಾದಂತಹ ಜಪಾನಿ ಕಾರುಗಳಲ್ಲಿ ಸಾಮಾನ್ಯವಾಗಿ ಲಿವರಿನ ತುದಿಯಲ್ಲಿ ಥ್ರೆಡ್ (ಸ್ಕ್ರೂವಿನಲ್ಲಿರುವಂತಹ ಸುರುಳಿ ಏಣು) ಇರುತ್ತದೆ ಮತ್ತು ನಾಬನ್ನು ತಿರುಗಿಸಿ ಕೂರಿಸಲಾಗಿರುತ್ತದೆ. ಫೋಕ್ಸ್‌ವ್ಯಾಗನ್ ಪೋಲೋದಂತಹ ಕಾರುಗಳಲ್ಲಿ ಥ್ರೆಡ್ ಇರುವುದಿಲ್ಲ. ನಾಬು ಲಿವರಿನ ಮೇಲೆ ಒತ್ತಿ ಕೂತಿರುತ್ತದೆ, ಅದರ ಕೆಳಗೆ ಲೋಹದ ಕ್ಲ್ಯಾಂಪ್ ಬಿಗಿದಿರುತ್ತದೆ, ಲಿವರಿನ ಬುಡವನ್ನು ಮುಚ್ಚುವ ಚರ್ಮದ ಹೊದಿಕೆಯಾದ ಬೂಟ್ ಕೂಡ ನಾಬಿಗೇ ಸೇರಿಕೊಂಡಿರುತ್ತದೆ. ಇಂತಹ ಕಾರಿಗೆ ಅದೇ ಮಾಡೆಲ್ಲಿಗೆಂದು ತಯಾರಿಸಿದ, ಬೂಟ್ ಸಮೇತ ಬರುವ ನಾಬನ್ನು ಕೊಳ್ಳುವುದೇ ಕ್ಷೇಮ.

ಥ್ರೆಡ್ ಇರುವ ಕಾರುಗಳಲ್ಲಿ ಅದರ ಅಳತೆಯನ್ನು ಊಹಿಸುವಂತಿಲ್ಲ. ಹೋಂಡಾ ಕಾರುಗಳಲ್ಲಿ ಬಹುತೇಕ 10 ಮಿ.ಮೀ. ವ್ಯಾಸ ಮತ್ತು 1.5 ಮಿ.ಮೀ. ಪಿಚ್ (ಅಕ್ಕಪಕ್ಕದ ಎರಡು ಏಣುಗಳ ನಡುವಿನ ಅಂತರ), ಮಜ್ದಾದಲ್ಲಿ 10 ಮಿ.ಮೀ. ಮತ್ತು 1.25, ಟೊಯೋಟಾದಲ್ಲಿ 12 ಮಿ.ಮೀ. ಮತ್ತು 1.25 ಇರುವುದು ರೂಢಿ. ಆದರೂ ಹಳೆಯ ನಾಬನ್ನು ಬಿಚ್ಚಿ ಅಳೆದ ಮೇಲೆಯೇ ಹಣ ಕೊಡಬೇಕು. ವರ್ನಿಯರ್ ಕ್ಯಾಲಿಪರಿನಿಂದ ಹೊರವ್ಯಾಸವನ್ನು ಅಳೆಯಿರಿ. ಬಳಿಕ ಥ್ರೆಡ್ಡಿನ ಏಣುಗಳನ್ನು ಎಣಿಸುತ್ತ ಹತ್ತು ಅಂತರಗಳ ಒಟ್ಟು ಉದ್ದವನ್ನು ಅಳೆಯಿರಿ. ಅದು 15 ಮಿ.ಮೀ. ಬಂದರೆ ಪಿಚ್ 1.5, ಹನ್ನೆರಡೂವರೆ ಬಂದರೆ 1.25. ಕ್ಯಾಲಿಪರ್ ಇಲ್ಲದವರಿಗೂ ದಾರಿಯಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಮೂಲಿ 10 ಮಿ.ಮೀ. ನಟ್ಟಿನ ಪಿಚ್ 1.5 ಆಗಿರುವುದರಿಂದ ಅದು ಹೋಂಡಾ ಲಿವರಿಗೆ ಬೆರಳಿನಲ್ಲಿ ತಿರುಗಿಸಿದರೂ ಸಲೀಸಾಗಿ ಇಳಿಯುತ್ತದೆ. 12 ಮಿ.ಮೀ. ಲಿವರಿಗೆ ಮಾಮೂಲಿ ನಟ್ಟು ಹೊಂದುವುದಿಲ್ಲ, ಏಕೆಂದರೆ ಅದರ ಪಿಚ್ 1.75, ಆದರೆ ಮಾರುತಿ ಸುಜುಕಿಯ ಹಲವು ಕಾರುಗಳ ಚಕ್ರದ ನಟ್ಟು 12 ಮಿ.ಮೀ. ಮತ್ತು 1.25 ಆಗಿದ್ದು, ಅದನ್ನೇ ಅಳತೆಗೋಲಾಗಿ ಬಳಸಬಹುದು. ಯಾವ ನಟ್ಟೇ ಆಗಲಿ, ಎರಡು ಸುತ್ತಿನ ನಂತರ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಬಲವಂತ ಮಾಡಿದರೆ ಲಿವರಿನ ಥ್ರೆಡ್ ಹಾಳಾಗುತ್ತದೆ, ಆಗ ಇಡೀ ಲಿವರನ್ನೇ ಬದಲಿಸುವ ಖರ್ಚು ಮೈಮೇಲೆ ಬರುತ್ತದೆ.

‘ಎಲ್ಲ ಕಾರಿಗೂ ಹೊಂದುತ್ತದೆ’ ಎಂದು ಮಾರುವ ನಾಬುಗಳ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ಅವುಗಳೊಂದಿಗೆ ಬೇರೆಬೇರೆ ಗಾತ್ರದ ಪ್ಲಾಸ್ಟಿಕ್ ಕೊಳವೆಗಳು ಬರುತ್ತವೆ. ಒಂದನ್ನು ಲಿವರಿಗೆ ತೊಡಿಸಿ, ನಾಬಿನ ಬದಿಯಿಂದ ತಲೆಯಿಲ್ಲದ ಸಣ್ಣ ಗ್ರಬ್ ಸ್ಕ್ರೂಗಳನ್ನು ಅಲೆನ್ ಕೀಯಿಂದ ಬಿಗಿಯಲಾಗುತ್ತದೆ. ದಿನವೂ ನೂರಾರು ಸಲ ಎಳೆದು ತಳ್ಳುವಾಗ ಮತ್ತು ಬಿಸಿಲಿನ ಕಾವಿಗೆ ಪ್ಲಾಸ್ಟಿಕ್ ಮೆತ್ತಗಾದಾಗ ಸ್ಕ್ರೂಗಳ ಹಿಡಿತ ಸಡಿಲವಾಗುತ್ತದೆ. ಶಿರಾಡಿ ಘಾಟಿಯ ಏರಿನಲ್ಲಿ ಲಾರಿಯ ಹಿಂದೆ ಮೂರರಿಂದ ಎರಡನೆಯ ಗೇರಿಗೆ ಎಳೆಯುವಾಗ ನಾಬು ಕೈಗೇ ಕಿತ್ತು ಬಂದರೆ ಏನಾಗುತ್ತದೆಂದು ಯೋಚಿಸಿದವರು ಇದನ್ನು ಕೊಳ್ಳಲಾರರು. ನಿಮ್ಮ ಕಾರಿನ ಥ್ರೆಡ್ಡಿಗೆ ಸರಿಯಾದ ನಾಬು ಇಲ್ಲವೇ ಲೋಹದ ಅಡಾಪ್ಟರ್ ಸಿಗುವವರೆಗೆ ಹಳೆಯ ನಾಬೇ ಇರಲಿ.

ಎರಡನೆಯ ಪ್ರಶ್ನೆ ರಿವರ್ಸ್ ಲಾಕಿನದು. ಹಳೆಯ ಐದು ಗೇರಿನ ಪೆಟ್ರೋಲ್ ಹೋಂಡಾ ಸಿಟಿಯಲ್ಲಿ ರಿವರ್ಸ್ ಗೇರ್ ಬಲಕ್ಕೆ ಸರಿಸಿ ಹಿಂದಕ್ಕೆ ಎಳೆದರೆ ಬೀಳುತ್ತದೆ. ನಾಬಿನಲ್ಲಿ ಯಾವ ಗುಂಡಿಯೂ ಉಂಗುರವೂ ಇಲ್ಲ, ಆದ್ದರಿಂದ ಈ ಕಾರಿನಲ್ಲಿ ಬದಲಾವಣೆ ಬಹಳ ಸುಲಭ. ಪೋಲೋದಲ್ಲಿ ಇಡೀ ಲಿವರನ್ನೇ ಕೆಳಕ್ಕೆ ಒತ್ತಬೇಕು. ಹ್ಯುಂಡೈ ಕ್ರೆಟಾದಂತಹ ಕಾರುಗಳಲ್ಲಿ ನಾಬಿನ ಕೆಳಗಿರುವ ಉಂಗುರವನ್ನು ಬೆರಳಿನಿಂದ ಮೇಲಕ್ಕೆತ್ತಿದರಷ್ಟೇ ರಿವರ್ಸ್ ಬೀಳುತ್ತದೆ. ಉಂಗುರವಿರುವ ಕಾರಿಗೆ ಹೊಸ ನಾಬ್ ಹಾಕುವಾಗ ಆ ಉಂಗುರ ಪೂರ್ತಿ ಏಳುವಷ್ಟು ಜಾಗ ಉಳಿಯಬೇಕು, ಬಿಟ್ಟ ಕೂಡಲೇ ತಾನಾಗಿ ಕೆಳಗಿಳಿಯಲೂ ಬೇಕು. ಏಳದಿದ್ದರೆ ರಿವರ್ಸ್ ಸಿಗುವುದಿಲ್ಲ. ಎದ್ದಲ್ಲೇ ಉಳಿದರೆ ಅದಕ್ಕಿಂತ ಅಪಾಯ, ಮುಂದಿನ ಗೇರಿಗೆ ಹಾಕಲು ಹೋಗಿ ಕೈತಪ್ಪಿ ರಿವರ್ಸಿನತ್ತ ಸರಿಯದಂತೆ ತಡೆಯಲು ಇರುವ ಕಾವಲೇ ಇಲ್ಲವಾಗುತ್ತದೆ.

ತೂಕದ ವಿಷಯದಲ್ಲಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 50 ಮಿ.ಮೀ. ವ್ಯಾಸದ ಗುಂಡನೆಯ ನಾಬು ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಸುಮಾರು 90 ಗ್ರಾಂ, ಅಲ್ಯೂಮಿನಿಯಂ ಆದರೆ 175, ಟೈಟಾನಿಯಂ ಆದರೆ 295, ಸ್ಟೇನ್‌ಲೆಸ್ ಸ್ಟೀಲ್ ಆದರೆ 500 ಗ್ರಾಂ ಮೀರುತ್ತದೆ. ಒಳಗಿನ ತೂತಿಗೆಂದು ಸ್ವಲ್ಪ ಕಳೆಯಬೇಕು ಅಷ್ಟೆ. ಭಾರದ ನಾಬಿಗೆ ಒಮ್ಮೆ ಚಲನೆ ಸಿಕ್ಕಿತೆಂದರೆ ಅದರ ಜಡತ್ವವೇ ಲಿವರನ್ನು ಸಿಂಕ್ರೋನೈಸರಿನ (ಗೇರುಗಳ ವೇಗವನ್ನು ಸರಿಹೊಂದಿಸುವ ಭಾಗ) ತಡೆ ದಾಟಿಸಿ ಗೇರಿನೊಳಗೆ ಕೊಂಡೊಯ್ಯುತ್ತದೆ. ಹಾಗಾಗಿ ಗೇರ್ ಬೆಣ್ಣೆಯಂತೆ ಬೀಳುತ್ತದೆ ಎನ್ನಿಸುತ್ತದೆ. ಲಿವರಿನ ಸಣ್ಣ ನಡುಕವೂ ಬಹಳಷ್ಟು ಸಲ ಇದರಿಂದ ಕಡಿಮೆಯಾಗುತ್ತದೆ. ಆದರೆ ಇದೇ ಗುಣ ಗೇರ್‌ಬಾಕ್ಸಿನ ದೋಷವನ್ನು ಮುಚ್ಚಿಡುತ್ತದೆ. ಸವೆದ ಸಿಂಕ್ರೋನೈಸರ್ ಕೈಗೆ ಕೊಡುವ ಎಚ್ಚರಿಕೆ ಭಾರದಲ್ಲಿ ಮರೆಯಾಗುತ್ತದೆ, ಮತ್ತು ಈಗಾಗಲೇ ಗೇರಿನಿಂದ ತಾನಾಗಿ ಹೊರಬೀಳುವ ಹಳೆಯ ಕಾರಿನಲ್ಲಿ, ಗುಂಡಿಬಿದ್ದ ರಸ್ತೆಯ ಕುಲುಕಾಟಕ್ಕೆ ಆ ಭಾರವೇ ಲಿವರನ್ನು ಜಗ್ಗಬಹುದು. ದಿನಬಳಕೆಯ ಕಾರಿಗೆ 200ರಿಂದ 300 ಗ್ರಾಂ ಸಾಕೆಂಬುದು ನನ್ನ ಅಭಿಪ್ರಾಯ.

ಎತ್ತರವೂ ಅಷ್ಟೇ ಮುಖ್ಯ. ಲಿವರಿನ ತಿರುಗುಕೀಲಿನಿಂದ ನಾಬಿನ ನಡುವಿಗೆ 25 ಸೆಂ.ಮೀ. ಇದ್ದು, ಹೊಸ ನಾಬು ಎರಡೂವರೆ ಸೆಂ.ಮೀ. ತಗ್ಗಿನಲ್ಲಿ ಕೂತಿತೆಂದುಕೊಳ್ಳಿ. ಕೈ ಚಲಿಸಬೇಕಾದ ದೂರ ಶೇಕಡ 10ರಷ್ಟು ಕಡಿಮೆಯಾಗುತ್ತದೆ, ಹಾಕಬೇಕಾದ ಬಲ ಸುಮಾರು ಶೇಕಡ 11ರಷ್ಟು ಹೆಚ್ಚುತ್ತದೆ. ಎತ್ತರದ ನಾಬು ಇದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ. ಮೊಣಕೈ ನೋವಿರುವವರು ತಗ್ಗಿನ ನಾಬನ್ನು ಆರಿಸದಿರುವುದು ಲೇಸು.

ವಸ್ತುವಿನ ಆಯ್ಕೆಯನ್ನು ನಿಮ್ಮ ಊರಿನ ಬಿಸಿಲೇ ಹೇಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಬಯಲಿನಲ್ಲಿ ನಿಲ್ಲಿಸಿದ ಕಾರಿನ ಲೋಹದ ನಾಬನ್ನು ಬರಿಗೈಯಲ್ಲಿ ಹಿಡಿಯಲಾಗದು. ಅಲ್ಲಿ ಡೆಲ್ರಿನ್, ಚರ್ಮ ಅಥವಾ ಮರ ಮೇಲು. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕೆಲಸ ನೋಡಿದವರಿಗೆ ಅಂತಹದೊಂದು ನಾಬ್ ಮಾಡಿಸುವ ಆಸೆ ಹುಟ್ಟಬಹುದು, ಅದು ಒಳ್ಳೆಯ ಆಸೆಯೇ. ಆದರೆ ಮರಕ್ಕೇ ನೇರವಾಗಿ ಥ್ರೆಡ್ ಕೊಯ್ದರೆ ಬಾಳಿಕೆ ಬರುವುದಿಲ್ಲ. ಒಳಗೆ ಕೊಳವೆಯಂತಹ ಹಿತ್ತಾಳೆಯ ಬುಷ್ ಕೂರಿಸಿ, ಅದಕ್ಕೆ ಲೇತ್ ಅಂಗಡಿಯಲ್ಲಿ ನಿಮ್ಮ ಲಿವರಿನ ಅಳತೆಯ ಥ್ರೆಡ್ ಹಾಕಿಸಬೇಕು.

ಇನ್ನು ಅಳವಡಿಕೆ. ಮುಂದಿನ ವಿವರ ಥ್ರೆಡ್ ಇರುವ ಹೋಂಡಾ ಸಿಟಿಯಂತಹ ಕಾರಿಗೆ ಸಂಬಂಧಿಸಿದ್ದು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಲಿವರನ್ನು ನ್ಯೂಟ್ರಲಿಗೆ ತನ್ನಿ. ಬೂಟಿನ ಮೇಲ್ತುದಿಯನ್ನು ನಾಬಿನಿಂದ ಬಿಡಿಸಿ ಕೆಳಕ್ಕೆ ಸರಿಸಿ. ನಾಬನ್ನು ಎರಡೂ ಕೈಗಳಲ್ಲಿ ಹಿಡಿದು ಅಪ್ರದಕ್ಷಿಣವಾಗಿ ತಿರುಗಿಸಿ, ಮೇಲಕ್ಕೆ ಜಗ್ಗಬಾರದು. ಹಟ ಹಿಡಿದ ನಾಬಿಗೆ ಹೇರ್ ಡ್ರೈಯರಿನಿಂದ ಕೆಲವು ನಿಮಿಷ ಬಿಸಿಗಾಳಿ ಕೊಟ್ಟರೆ ಒಳಗಿನ ಅಂಟು ಮೆದುವಾಗುತ್ತದೆ. ಆಗಲೂ ಬಾರದಿದ್ದರೆ ಥ್ರೆಡ್ಡಿಗಿಂತ ಕೆಳಗೆ ಲಿವರಿಗೆ ದಪ್ಪ ಬಟ್ಟೆ ಸುತ್ತಿ, ಅಲ್ಲಿ ವೈಸ್ ಗ್ರಿಪ್ ಎಂಬ ಇಕ್ಕಳದಿಂದ ಲಿವರನ್ನು ಅಲುಗದಂತೆ ಹಿಡಿದು ನಾಬನ್ನು ತಿರುಗಿಸಿ. ಹೀಗೆ ಮಾಡಿದರೆ ತಿರುಚುವ ಬಲ ಕೆಳಗಿನ ಪ್ಲಾಸ್ಟಿಕ್ ಬುಷ್ಷುಗಳಿಗೂ ಕೇಬಲ್ಲಿಗೂ ಇಳಿಯುವುದಿಲ್ಲ.

ಬಿಚ್ಚಿದ ಮೇಲೆ ಥ್ರೆಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒರೆಸಿ. ಈಗ ಲಾಕ್ ನಟ್ಟನ್ನು ಮೊದಲು ಇಳಿಸಬೇಕು. ನಾಬನ್ನು ಕೊನೆಯವರೆಗೆ ಬಿಗಿದರೆ ಅದರ ಮೇಲಿನ ಅಂಕಿಗಳು ಸಾಮಾನ್ಯವಾಗಿ ಅಡ್ಡಡ್ಡವಾಗಿ ನಿಲ್ಲುತ್ತವೆ, ನೇರ ಮಾಡಲು ಹಿಂದಕ್ಕೆ ತಿರುಗಿಸಿದರೆ ನಾಬು ಸಡಿಲವಾಗುತ್ತದೆ. ಈ ತೊಡಕನ್ನು ಬಿಡಿಸುವುದೇ ಲಾಕ್ ನಟ್ಟು. ನಟ್ಟನ್ನು ಕೆಳಗಿಳಿಸಿ, ನಾಬನ್ನು ಕನಿಷ್ಠ ಆರೇಳು ಸುತ್ತು ಹೋಗುವಂತೆ ತಿರುಗಿಸಿ, ಅಂಕಿಗಳು ಚಾಲಕರತ್ತ ನೇರವಾದಾಗ ನಿಲ್ಲಿಸಿ, ಒಂದು ಕೈಯಲ್ಲಿ ನಾಬನ್ನು ಅಲುಗದಂತೆ ಹಿಡಿದು ನಟ್ಟನ್ನು ಸ್ಪ್ಯಾನರಿನಿಂದ ಮೇಲಕ್ಕೆ ಬಿಗಿಯಿರಿ. ಮಾಮೂಲಿ 10 ಮಿ.ಮೀ. ನಟ್ಟಿಗೆ ಸಾಮಾನ್ಯವಾಗಿ 17ರ ಸ್ಪ್ಯಾನರ್ ಬೇಕು. ನಾಬಿನ ಒಳಭಾಗ ಲೋಹದ್ದಾಗಿದ್ದರೆ ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಬಣ್ಣದ ಥ್ರೆಡ್ ಲಾಕರನ್ನು ಒಂದು ಹನಿ ಹಾಕಬಹುದು. ಕೆಂಪು ಬಣ್ಣದ್ದು ಬೇಡ, ಮುಂದೆ ಬಿಚ್ಚಲು ಪಾಡು ಪಡಬೇಕಾಗುತ್ತದೆ. ಪ್ಲಾಸ್ಟಿಕ್ ಅಡಾಪ್ಟರ್ ಇದ್ದರೆ ಯಾವ ಬಣ್ಣದ್ದೂ ಬೇಡ, ಆ ದ್ರವ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತದೆ. ಅಂಥಲ್ಲಿ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಎರಡು ಸುತ್ತು ಹಾಕಿದರೆ ಸಾಕು.

ಬೂಟನ್ನು ಮೇಲೆತ್ತಿ ಕಟ್ಟುವ ಮುನ್ನ, ಎಂಜಿನ್ ಆರಿಸಿಯೇ ಕ್ಲಚ್ ತುಳಿದು ಎಲ್ಲ ಗೇರುಗಳಿಗೂ ಒಮ್ಮೆ ಹಾಕಿ ನೋಡಿ. ಒಂದು, ಮೂರು, ಐದರಲ್ಲಿ ಬೆರಳ ಗೆಣ್ಣು ಎ.ಸಿ. ಗುಂಡಿಗಳಿಗೆ ತಾಗಬಾರದು, ಎರಡು, ನಾಲ್ಕು ಮತ್ತು ರಿವರ್ಸಿನಲ್ಲಿ ಕೈ ಕಪ್ ಹೋಲ್ಡರಿಗೋ ಆರ್ಮ್‌ರೆಸ್ಟಿಗೋ ಬಡಿಯಬಾರದು. ಬೂಟಿನ ತುದಿಯನ್ನು ನಟ್ಟಿನ ಕೆಳಗೆ ಕೇಬಲ್ ಟೈಯಿಂದ ಬಿಗಿಯಬಹುದು, ಆದರೆ ಐದನೆಯ ಗೇರಿನಲ್ಲೂ ರಿವರ್ಸಿನಲ್ಲೂ ಚರ್ಮ ಸೆಟೆದುಕೊಳ್ಳದಷ್ಟು ಸಡಿಲ ಉಳಿದಿರಲಿ, ಏಕೆಂದರೆ ಬಿಗಿಯಾದ ಬೂಟ್ ಲಿವರನ್ನು ಸದಾ ನ್ಯೂಟ್ರಲಿನತ್ತ ಎಳೆಯುತ್ತಿರುತ್ತದೆ. ಹೊಸ ನಾಬಿನ ಮೇಲೆ ಗೇರುಗಳ ನಕ್ಷೆ ಇಲ್ಲದಿದ್ದರೆ ಕನ್ಸೋಲಿನ ಮೇಲೆ ಅದರ ಸ್ಟಿಕ್ಕರ್ ಅಂಟಿಸಿ. ಸರ್ವಿಸಿಗೆ ಕೊಂಡೊಯ್ಯುವವರಿಗೂ ಮನೆಯ ಇತರರಿಗೂ ಅದು ಬೇಕು.

ಮೊದಲ ವಾರದ ಓಡಾಟದ ನಂತರ ನಟ್ಟನ್ನು ಮತ್ತೊಮ್ಮೆ ಬಿಗಿಯಾಗಿದೆಯೇ ಎಂದು ನೋಡಿ. ಭಾರದ ನಾಬ್ ಹಾಕಿದವರಿಗೆ ಅದರ ಮೇಲೆ ಕೈಯೂರಿಕೊಂಡೇ ಕಾರು ಓಡಿಸುವ ಅಭ್ಯಾಸ ಬೇಗ ಹತ್ತುತ್ತದೆ. ಆ ಒತ್ತಡ ಗೇರ್‌ಬಾಕ್ಸಿನೊಳಗೆ ಗೇರನ್ನು ಸರಿಸುವ ಕವಲಾದ ಸೆಲೆಕ್ಟರ್ ಫೋರ್ಕನ್ನು, ಅದು ಹಿಡಿದಿರುವ, ತಿರುಗುತ್ತಿರುವ ಸ್ಲೀವಿಗೆ ಒತ್ತಿ ಸವೆಸುವುದರಿಂದ ಗೇರ್ ಬಿದ್ದ ಕೂಡಲೇ ಕೈ ಸ್ಟೀರಿಂಗಿಗೆ ಮರಳಬೇಕು. ಬಿಚ್ಚಿದ ಹಳೆಯ ನಾಬನ್ನು ಅದರ ಬೂಟಿನ ಉಂಗುರ, ಕ್ಲಿಪ್ಪುಗಳ ಸಮೇತ ಒಂದು ಕವರಿಗೆ ಹಾಕಿ ಎತ್ತಿಡಿ. ಕಾರು ಮಾರುವಾಗ ಕೊಳ್ಳುವವರು ಮೂಲ ನಾಬನ್ನೇ ಕೇಳಬಹುದು.